ಬ್ರಿಟನ್ನಿನ ಜನರು ಒಕ್ಕೂಟವನ್ನು ತೊರೆದುದೇಕೆ?

೨೦೧೬ನೆಯ ಇಸವಿ ಜೂನ್ ೨೩ನೆಯ ತಾರೀಖು ಬ್ರಿಟನ್ನಿನ ಮತದಾರರ ಮುಂದೆ ಒಂದೇ ಒಂದು ಪ್ರಶ್ನೆಯನ್ನು ಇಡಲಾಗಿದ್ದಿತು. ತಮ್ಮ ರಾಷ್ಟ್ರವು ಐರೋಪ್ಯ ಒಕ್ಕೂಟದಲ್ಲಿ ಉಳಿಯತಕ್ಕದ್ದೋ, ಅದನ್ನು ತೊರೆದು ಹೊರಬರತಕ್ಕದ್ದೋ ಎಂಬುದೇ ಆ ಪ್ರಶ್ನೆ. ಪ್ರಧಾನಮಂತ್ರಿ ಡೇವಿಡ್ ಕ್ಯಾಮರನ್ನರು ಉಳಿಯಿರೆಂದು ಬೇಡಿಕೊಂಡರು. ಅವರನ್ನು ದಿನವೂ ವಿರೋಧಿಸುತ್ತಿದ್ದ ಲೇಬರ್ ಪಕ್ಷವೂ ಅದನ್ನೇ ಹೇಳಿತು. ಕಾರ್ಮಿಕ ಸಂಘಗಳ ಮಹಾಮಂಡಲವೂ, ಆ ಸಂಘಗಳೊಡನೆ ಎಂದೂ ಹೊಂದಿಕೆಯಿಲ್ಲದ ಬಂಡವಳಿಗರ ಬಹುಭಾಗವೂ ಈ ಒಂದು ವಿಷಯದಲ್ಲಿ ಒಂದಾದವು. ಅಮೆರಿಕದ ಅಧ್ಯಕ್ಷರಾಗಿದ್ದ ಒಬಾಮಾ ಅವರು ಏಪ್ರಿಲ್ ತಿಂಗಳಲ್ಲಿ ಲಂಡನ್ನಿಗೇ ಬಂದು, ಒಕ್ಕೂಟವನ್ನು ಬಿಟ್ಟರೆ ವ್ಯಾಪಾರದ ಒಪ್ಪಂದಕ್ಕಾಗಿ ಬ್ರಿಟನ್ನು ಎಲ್ಲರ ಹಿಂದೆ ಕಾದು ನಿಲ್ಲಬೇಕಾದೀತೆಂದು ಎಚ್ಚರಿಸಿ ಹೋದರು. ಇಷ್ಟು ಜನ ದೊಡ್ಡವರ ಮಾತನ್ನು ಕೇಳಿಸಿಕೊಂಡ ಮೇಲೆ, ಒಂದು ಕೋಟಿ ಎಪ್ಪತ್ತನಾಲ್ಕು ಲಕ್ಷ ಮಂದಿ ಹೊರಬರೋಣವೆಂದು ಮತ ಕೊಟ್ಟರು. ಉಳಿಯೋಣವೆಂದವರು ಒಂದು ಕೋಟಿ ಅರುವತ್ತೊಂದು ಲಕ್ಷ. ನೂರಕ್ಕೆ ೫೧.೯ ಮತ್ತು ೪೮.೧. ಮರುದಿನ ಬೆಳಿಗ್ಗೆ ಕ್ಯಾಮರನ್ನರು ತಮ್ಮ ಮನೆಯ ಬಾಗಿಲಲ್ಲಿ ನಿಂತು ರಾಜೀನಾಮೆಯನ್ನು ಸಾರಿದರು.

ಈ ತೀರ್ಪಿಗೆ ಕಾರಣವೇನೆಂದು ಕೇಳಿದರೆ ಎರಡು ಸುಲಭವಾದ ಉತ್ತರಗಳು ಅಂದಿನಿಂದಲೂ ಪ್ರಚಾರದಲ್ಲಿವೆ. ಜನರು ಮೂಢರು, ಪರಕೀಯರನ್ನು ಕಂಡರಾಗದವರು, ಸುಳ್ಳುಗಾರರ ಬಲೆಗೆ ಬಿದ್ದರು ಎಂಬುದು ಒಂದು. ದಾಸ್ಯದ ಸಂಕೋಲೆಯನ್ನು ಕಿತ್ತೊಗೆದ ವೀರರು ಎಂಬುದು ಮತ್ತೊಂದು. ಮೊದಲನೆಯದರಲ್ಲಿ ಪಂಡಿತರ ಅಹಂಕಾರವಿದೆ. ಎರಡನೆಯದರಲ್ಲಿ ಇತಿಹಾಸದ ಅಜ್ಞಾನವಿದೆ. ಹೊರಬರುವ ಪಕ್ಷದ ಮುಂದಾಳುಗಳಾದ ಬೋರಿಸ್ ಜಾನ್ಸನ್ನರೂ ನೈಜೆಲ್ ಫರಾಜರೂ ಜೂನ್ ೨೩ನ್ನು ತಮ್ಮ ದೇಶದ ಸ್ವಾತಂತ್ರ್ಯದಿನವೆಂದು ಕರೆದುದನ್ನು ಕೇಳಿ, ಆ ದೇಶದಿಂದಲೇ ಸ್ವಾತಂತ್ರ್ಯವನ್ನು ಪಡೆಯಬೇಕಾಗಿ ಬಂದ ಹಲವು ರಾಷ್ಟ್ರಗಳ ಜನರು ಮೀಸೆಯಡಿಯಲ್ಲಿ ನಕ್ಕಿರಬಹುದು. ತಾನೇ ಅರ್ಜಿ ಹಾಕಿ, ಎರಡು ಸಲ ತಿರಸ್ಕೃತವಾಗಿ, ಮೂರನೆಯ ಸಲಕ್ಕೆ ಪ್ರವೇಶ ಪಡೆದ ಸಂಘದಿಂದ ಹೊರಬರುವುದಕ್ಕೂ ವಿಮೋಚನೆಗೂ ಅಂತರವುಂಟು.

ವಿಷಯಕ್ಕೆ ಹೋಗುವ ಮುನ್ನ, ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿಯದಿರಬಹುದಾದ ಒಂದು ಸಂಗತಿಯನ್ನು ಹೇಳುತ್ತೇವೆ. ಆ ದಿನ ಮತ ಕೊಡುವ ಹಕ್ಕು ಬ್ರಿಟನ್ನಿನಲ್ಲಿ ವಾಸವಾಗಿದ್ದ ಕಾಮನ್‌ವೆಲ್ತ್ ರಾಷ್ಟ್ರಗಳ ಪ್ರಜೆಗಳಿಗೂ ಇದ್ದಿತು. ಅಂದರೆ, ಮೈಸೂರಿನಿಂದಲೋ ಹುಬ್ಬಳ್ಳಿಯಿಂದಲೋ ಹೋಗಿ ಲಂಡನ್ನಿನಲ್ಲಿ ಉದ್ಯೋಗದಲ್ಲಿದ್ದ ಕನ್ನಡಿಗನು, ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿದ್ದರೂ, ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಪಕ್ಷದಲ್ಲಿ ಬ್ರಿಟನ್ನಿನ ಭವಿಷ್ಯವನ್ನು ನಿರ್ಣಯಿಸಬಹುದಾಗಿತ್ತು. ಅವನ ನೆರೆಮನೆಯಲ್ಲಿ ಮೂವತ್ತು ವರ್ಷಗಳಿಂದ ತೆರಿಗೆ ಕೊಡುತ್ತಿದ್ದ ಫ್ರೆಂಚನಿಗೋ ಜರ್ಮನನಿಗೋ ಆ ಹಕ್ಕಿರಲಿಲ್ಲ. ಹಳೆಯ ಸಾಮ್ರಾಜ್ಯದ ನೆರಳು ಹೊಸ ಒಕ್ಕೂಟಕ್ಕಿಂತ ಉದ್ದವಾಗಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ವಾಸ್ತವವಾಗಿ ವಿರಸದ ಬೇರು ಪ್ರಾರಂಭದಲ್ಲಿಯೇ ಇದೆ. ಫ್ರಾನ್ಸು ಜರ್ಮನಿಗಳಿಗೆ ಈ ಒಕ್ಕೂಟವು ರಕ್ತದಲ್ಲಿ ಬರೆದ ಪಾಠ. ಎಪ್ಪತ್ತೈದು ವರ್ಷಗಳೊಳಗೆ ಮೂರು ಸಲ ಒಬ್ಬರನ್ನೊಬ್ಬರು ಕೊಂದುಕೊಂಡ ನೆರೆಯವರು, ಯುದ್ಧಕ್ಕೆ ಬೇಕಾದ ಕಲ್ಲಿದ್ದಲನ್ನೂ ಉಕ್ಕನ್ನೂ ೧೯೫೧ರಲ್ಲಿ ಒಂದೇ ಮಂಡಲಿಯ ಕೈಗೆ ಒಪ್ಪಿಸಿ, ೧೯೫೭ರ ರೋಮ್ ಒಪ್ಪಂದದಿಂದ ಮಾರುಕಟ್ಟೆಯನ್ನೂ ಒಂದುಗೂಡಿಸಿದರು. ಬ್ರಿಟನ್ನು ಆಗ ಹೊರಗೆ ನಿಂತಿತು. ಶತ್ರುಸೇನೆಯು ಅದರ ನೆಲವನ್ನು ತುಳಿದಿರಲಿಲ್ಲ. ಅದರ ಪಾರ್ಲಿಮೆಂಟು ಒಂದು ದಿನವೂ ಮುಚ್ಚಿರಲಿಲ್ಲ. ತನ್ನ ಸಂಸ್ಥೆಗಳು ತನ್ನನ್ನು ಕಾಪಾಡಿದುವೆಂದು ನಂಬಿದ ಜನತೆಗೂ, ತಮ್ಮ ಸಂಸ್ಥೆಗಳು ತಮ್ಮನ್ನು ಕೈಬಿಟ್ಟುವೆಂದು ಕಂಡ ಜನತೆಗೂ ಒಕ್ಕೂಟದ ಅರ್ಥವು ಒಂದೇ ಆಗುವುದು ಹೇಗೆ? ಮುಂದೆ ವ್ಯಾಪಾರವು ಇಳಿಮುಖವಾಗಿ, ನೆರೆಯವರು ಏಳಿಗೆ ಹೊಂದುವುದನ್ನು ಕಂಡು ಬ್ರಿಟನ್ನು ಬಾಗಿಲು ತಟ್ಟಿತು. ೧೯೬೩ರಲ್ಲಿ ಒಮ್ಮೆ, ೧೯೬೭ರಲ್ಲಿ ಮತ್ತೊಮ್ಮೆ ಫ್ರಾನ್ಸಿನ ಜನರಲ್ ಡಿ ಗಾಲ್ ಅವರು ಆಗದೆಂದರು. ಕೊನೆಗೆ ೧೯೭೩ರ ಜನವರಿ ಒಂದರಂದು ಪ್ರಧಾನಿ ಎಡ್ವರ್ಡ್ ಹೀತರ ಕಾಲದಲ್ಲಿ ಪ್ರವೇಶವು ದೊರೆಯಿತು. ೧೯೭೫ರಲ್ಲಿ ಜನಮತವನ್ನು ಕೇಳಿದಾಗ ನೂರಕ್ಕೆ ೬೭ ಮಂದಿ ಇರೋಣವೆಂದರು. ಆದರೆ ಅವರು ಒಪ್ಪಿದುದು ಯಾವುದಕ್ಕೆ? ಅಂದು ಬ್ರಿಟನ್ನಿನ ಬೀದಿಬೀದಿಯಲ್ಲಿ ಅದರ ಹೆಸರು ‘ಸಾಮಾನ್ಯ ಮಾರುಕಟ್ಟೆ’. ಜನರು ಮಾರುಕಟ್ಟೆಯ ಲೆಕ್ಕವನ್ನು ನೋಡಿ ರುಜು ಹಾಕಿದರು. ಅದು ಬೆಳೆದು, ೧೯೯೨ರ ಮಾಸ್ಟ್ರಿಕ್ಟ್ ಒಪ್ಪಂದದಿಂದ ಪೌರತ್ವ, ನಾಣ್ಯ, ಪರರಾಷ್ಟ್ರ ನೀತಿ ಎಲ್ಲವನ್ನೂ ಒಳಗೊಳ್ಳುವ ಒಕ್ಕೂಟವಾದಾಗ ಅವರನ್ನು ಯಾರೂ ಮತ್ತೆ ಕೇಳಲಿಲ್ಲ. ೧೯೭೫ರಿಂದ ೨೦೧೬ರ ವರೆಗೆ ನಲವತ್ತೊಂದು ವರ್ಷ!

ಕೇಳದೆ ಇದ್ದುದು ಬ್ರಿಟನ್ನಿನಲ್ಲಿ ಮಾತ್ರವಲ್ಲ. ೨೦೦೫ರಲ್ಲಿ ಒಕ್ಕೂಟಕ್ಕೆ ಒಂದು ಸಂವಿಧಾನವನ್ನು ಕೊಡುವ ಪ್ರಸ್ತಾಪವನ್ನು ಫ್ರಾನ್ಸಿನ ಮತದಾರರು ನೂರಕ್ಕೆ ೫೫ರಂತೆಯೂ ಹಾಲೆಂಡಿನವರು ನೂರಕ್ಕೆ ೬೧ಕ್ಕೂ ಮೀರಿದ ಬಹುಮತದಿಂದಲೂ ತಳ್ಳಿಹಾಕಿದರು. ಎರಡು ವರ್ಷಗಳಲ್ಲಿ ಅದರ ಬಹುಪಾಲು ಅಂಶಗಳೇ ಲಿಸ್ಬನ್ ಒಪ್ಪಂದವೆಂಬ ಹೆಸರಿನಿಂದ ಹಿಂದಿನ ಬಾಗಿಲಲ್ಲಿ ಒಳಬಂದುವು. ಈ ಸಲ ಆ ಎರಡು ದೇಶಗಳಲ್ಲಿ ಜನಮತವನ್ನು ಕೇಳಲಿಲ್ಲ. ಐರ್ಲೆಂಡಿನವರು ೨೦೦೮ರಲ್ಲಿ ಬೇಡವೆಂದರು. ಕೆಲವು ಭರವಸೆಗಳನ್ನು ಕೊಟ್ಟು ೨೦೦೯ರಲ್ಲಿ ಮತ್ತೆ ಕೇಳಿದಾಗ ಆಗಲೆಂದರು. ಬ್ರಿಟನ್ನಿನ ಲೇಬರ್ ಸರ್ಕಾರವು ಸಂವಿಧಾನದ ಮೇಲೆ ಜನಮತಗಣನೆ ನಡೆಸುವುದಾಗಿ ೨೦೦೫ರ ಚುನಾವಣೆಯಲ್ಲಿ ಮಾತು ಕೊಟ್ಟು, ಹೆಸರು ಬದಲಾಯಿತೆಂಬ ನೆಪದಿಂದ ಅದನ್ನು ನಡೆಸದೆ ಬಿಟ್ಟಿತು. ತಮಗೆ ಬೇಕಾದ ಉತ್ತರ ಬರುವವರೆಗೂ ಕೇಳುವುದು, ಬಾರದೆಂದು ತೋರಿದರೆ ಕೇಳದೆಯೇ ಇರುವುದು, ಇದು ಪ್ರಜಾಪ್ರಭುತ್ವದ ರೀತಿಯೆಂದು ಹೇಳಲು ನಾವು ಸಿದ್ಧರಿಲ್ಲ.

ಪಾರ್ಲಿಮೆಂಟಿನ ಶಾಸನಕ್ಕೆ ಮೇಲಿಲ್ಲವೆಂಬುದು ಇಂಗ್ಲಿಷರ ರಾಜ್ಯಾಂಗದ ಮೂಲಮಂತ್ರ. ಅವರಿಗೆ ಲಿಖಿತವಾದ ಸಂವಿಧಾನವಿಲ್ಲ. ಇರುವುದು ಈ ಒಂದು ಮಂತ್ರವೇ. ಸ್ಪೇನ್ ದೇಶದವರ ಒಡೆತನದ ಮೀನುದೋಣಿಗಳು ಬ್ರಿಟನ್ನಿನಲ್ಲಿ ನೋಂದಣಿ ಮಾಡಿಸಿಕೊಂಡು, ಬ್ರಿಟನ್ನಿಗೆ ಗೊತ್ತುಮಾಡಿದ ಪಾಲಿನ ಮೀನನ್ನು ಹಿಡಿಯುತ್ತಿದ್ದುವು. ಅದನ್ನು ತಡೆಯಲು ಪಾರ್ಲಿಮೆಂಟು ೧೯೮೮ರಲ್ಲಿ ಒಂದು ಶಾಸನವನ್ನು ಮಾಡಿತು. ದೋಣಿಗಳ ಒಡೆಯರು ವ್ಯಾಜ್ಯ ಹೂಡಿದರು. ಫ್ಯಾಕ್ಟರ್‌ಟೇಮ್ ಮೊಕದ್ದಮೆಯೆಂದು ಹೆಸರಾದ ಆ ವ್ಯಾಜ್ಯದಲ್ಲಿ, ಒಕ್ಕೂಟದ ಕಾನೂನಿಗೆ ಅಡ್ಡಬರುವ ದೇಶೀಯ ನಿಯಮವನ್ನು ನ್ಯಾಯಾಲಯವು ಬದಿಗಿಡಬೇಕೆಂದು ಲಕ್ಸೆಂಬರ್ಗಿನ ನ್ಯಾಯಸ್ಥಾನವು ೧೯೯೦ರಲ್ಲಿ ತೀರ್ಪಿತ್ತಿತು. ಬ್ರಿಟನ್ನಿನ ಅತ್ಯುಚ್ಚ ನ್ಯಾಯಪೀಠವೇ ಪಾರ್ಲಿಮೆಂಟಿನ ಶಾಸನದ ಜಾರಿಯನ್ನು ತಡೆಹಿಡಿಯಬೇಕಾಯಿತು. ಸರ್ಕಾರವು ಮುಂದೆ ಪರಿಹಾರದ ಹಣವನ್ನೂ ತೆತ್ತಿತು. ಇದರಲ್ಲಿ ಅನ್ಯಾಯವೇನೂ ಇರಲಿಲ್ಲ. ೧೯೭೨ರಲ್ಲಿ ಪಾರ್ಲಿಮೆಂಟು ತಾನೇ ಒಪ್ಪಿದ ಷರತ್ತು ಅದು. ಆದರೆ ಷರತ್ತಿನ ಅರ್ಥವು ಸಾಮಾನ್ಯ ಇಂಗ್ಲಿಷನಿಗೆ ಹೊಳೆದುದು ಆಗಲೇ.

ನ್ಯಾಯವಾದಿಗಳ ಈ ವಿಷಯವು ಸಂತೆಗೂ ಇಳಿಯಿತು. ಸಂಡರ್ಲೆಂಡ್ ಪಟ್ಟಣದ ಹಣ್ಣಿನ ವ್ಯಾಪಾರಿಯೊಬ್ಬನು ಪೌಂಡಿನ ತಕ್ಕಡಿಯಲ್ಲಿ ಬಾಳೆಹಣ್ಣನ್ನು ತೂಗಿ ಮಾರಿದನೆಂಬ ಆಪಾದನೆಯ ಮೇಲೆ ೨೦೦೧ರಲ್ಲಿ ಅಪರಾಧಿಯೆಂದು ಗೊತ್ತಾಯಿತು. ತೂಕದ ಪದ್ಧತಿಯನ್ನು ಬದಲಾಯಿಸುವ ಕೆಲಸವನ್ನು ಬ್ರಿಟಿಷ್ ಸರ್ಕಾರವೇ ಒಕ್ಕೂಟವನ್ನು ಸೇರುವ ಮೊದಲು, ೧೯೬೫ರಲ್ಲಿ, ಕೈಗೊಂಡಿದ್ದಿತು. ಕಿಲೋಗ್ರಾಮಿನ ಪಕ್ಕದಲ್ಲಿ ಪೌಂಡಿನ ಬೆಲೆಯನ್ನೂ ಬರೆದಿಡಲು ಅಡ್ಡಿಯಿರಲಿಲ್ಲ. ಆದರೂ ಜನರ ಮನಸ್ಸಿನಲ್ಲಿ ಉಳಿದುದು ಬ್ರಸೆಲ್ಸಿನ ಅಧಿಕಾರಿ ಬಾಳೆಹಣ್ಣಿನ ತಕ್ಕಡಿಗೆ ಕೈಹಾಕಿದನೆಂಬ ಚಿತ್ರ. ನಾವೂ ೧೯೫೬ರ ಕಾನೂನಿನ ಮೇರೆಗೆ ಸೇರು, ಪಾವು, ಮಣಗಳನ್ನು ಬಿಟ್ಟವರೇ. ಹೂವಾಡಗಿತ್ತಿಯ ಮೊಳವನ್ನು ಮಾತ್ರ ಯಾವ ಶಾಸನವೂ ಅಲುಗಿಸಲಾಗಲಿಲ್ಲ. ನಮ್ಮ ಅಜ್ಜಿಯರು ಗೊಣಗಿದರು, ದಂಗೆಯೇಳಲಿಲ್ಲ. ಆ ಶಾಸನವನ್ನು ಮಾಡಿದವರನ್ನು ಮರುವರ್ಷ ಮತದಾನದಲ್ಲಿ ಕಿತ್ತುಹಾಕುವ ಶಕ್ತಿ ಅವರಿಗಿದ್ದಿತು. ಒಕ್ಕೂಟದಲ್ಲಿ ಶಾಸನದ ಕರಡನ್ನು ಮುಂದಿಡುವ ಅಧಿಕಾರವು ಸಾಮಾನ್ಯವಾಗಿ ಬ್ರಸೆಲ್ಸಿನ ಕಮಿಷನ್ನಿನದು. ಅದರ ಸದಸ್ಯರನ್ನು ಜನರು ಆರಿಸುವುದಿಲ್ಲ. ೧೯೭೯ರಿಂದ ಜನರೇ ಆರಿಸುವ ಒಂದು ಪಾರ್ಲಿಮೆಂಟು ಇದೆ, ನಿಜ. ತನ್ನ ಕ್ಷೇತ್ರದ ಐರೋಪ್ಯ ಸದಸ್ಯನ ಹೆಸರನ್ನು ಹೇಳಬಲ್ಲ ಮತದಾರನು ಮಾತ್ರ ಹುಡುಕಿದರೂ ಸಿಗುವುದು ಅಪೂರ್ವವಾಗಿದ್ದಿತು. ಮತದಾನದ ದಿನವೇ ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿಯನ್ನು ಲಾರ್ಡ್ ಆಷ್‌ಕ್ರಾಫ್ಟರು ವಿಚಾರಿಸಿದಾಗ, ಹೊರಬರುವ ಪಕ್ಷದವರಲ್ಲಿ ಹೆಚ್ಚುಕಡಮೆ ಅರ್ಧ ಮಂದಿ, ಬ್ರಿಟನ್ನಿನ ವಿಷಯವನ್ನು ಬ್ರಿಟನ್ನಿನಲ್ಲಿಯೇ ತೀರ್ಮಾನಿಸಬೇಕೆಂಬ ತತ್ತ್ವವನ್ನೇ ಮುಖ್ಯ ಕಾರಣವಾಗಿ ಹೇಳಿದರು. ವಲಸೆಯನ್ನು ಮುಖ್ಯವೆಂದವರು ಮೂರರಲ್ಲಿ ಒಂದು ಪಾಲು. ಜನರನ್ನು ಮೂಢರೆಂದು ಕರೆಯುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕೆಂದು ನಮ್ಮ ಪ್ರಾರ್ಥನೆ.

ಇನ್ನು ವಲಸೆಯ ಪ್ರಶ್ನೆ. ೨೦೦೪ರ ಮೇ ತಿಂಗಳಲ್ಲಿ ಪೋಲೆಂಡ್, ಲಿಥುವೇನಿಯಾ ಮೊದಲಾದ ಹತ್ತು ರಾಷ್ಟ್ರಗಳು ಒಕ್ಕೂಟವನ್ನು ಸೇರಿದುವು. ಪೂರ್ವ ಯೂರೋಪಿನ ಕೆಲಸಗಾರರಿಗೆ ಕೆಲವು ವರ್ಷ ಬಾಗಿಲು ಮುಚ್ಚಿಡಲು ಹಳೆಯ ಸದಸ್ಯರಿಗೆ ಅವಕಾಶವಿದ್ದಿತು. ಜರ್ಮನಿ, ಫ್ರಾನ್ಸುಗಳು ಮುಚ್ಚಿದುವು. ಬ್ರಿಟನ್, ಐರ್ಲೆಂಡ್, ಸ್ವೀಡನ್ನುಗಳು ಮಾತ್ರ ತೆರೆದುವು. ವರ್ಷಕ್ಕೆ ಐದರಿಂದ ಹದಿಮೂರು ಸಾವಿರ ಮಂದಿ ಬಂದಾರೆಂದು ಬ್ರಿಟಿಷ್ ಸರ್ಕಾರಕ್ಕೆ ಒಪ್ಪಿಸಿದ ಅಂದಾಜು ಹೇಳಿದ್ದಿತು. ಬಂದವರು ಅದರ ಹಲವು ಪಟ್ಟು. ವಲಸೆಯನ್ನು ವರ್ಷಕ್ಕೆ ಲಕ್ಷದೊಳಗೆ ಇಳಿಸುವೆವೆಂದು ೨೦೧೦ರಲ್ಲಿ ಮಾತುಕೊಟ್ಟ ಕ್ಯಾಮರನ್ನರ ಕಾಲದಲ್ಲಿ, ಮತದಾನಕ್ಕೆ ಒಂದು ತಿಂಗಳ ಮುಂಚೆ ಹೊರಬಿದ್ದ ಲೆಕ್ಕವು ೨೦೧೫ರ ನಿವ್ವಳ ವಲಸೆ ಮೂರು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚೆಂದು ತೋರಿಸಿತು. ಇದರಲ್ಲಿ ಅರ್ಧದಷ್ಟು ಒಕ್ಕೂಟದ ಹೊರಗಿನಿಂದ ಬಂದವರು, ಅವರನ್ನು ತಡೆಯುವ ಅಧಿಕಾರ ಲಂಡನ್ನಿನಲ್ಲಿಯೇ ಇದ್ದಿತು ಎಂಬ ಮಾತು ಯಾರ ಕಿವಿಗೂ ಬೀಳಲಿಲ್ಲ.

ಥೇಮ್ಸ್ ನದಿಯ ದಂಡೆಯಲ್ಲಿ ನಮ್ಮ ಬಸವೇಶ್ವರರ ಪ್ರತಿಮೆ ೨೦೧೫ರಲ್ಲಿ ಅನಾವರಣವಾದ ಲಂಡನ್ನಿನ ಲ್ಯಾಂಬೆತ್ ಭಾಗವು ನೂರಕ್ಕೆ ೭೮ಕ್ಕೂ ಮಿಕ್ಕಿ ಉಳಿಯೋಣವೆಂದಿತು. ಜಿಬ್ರಾಲ್ಟರನ್ನು ಬಿಟ್ಟರೆ ಅಷ್ಟು ಮತ ಬೇರೆಲ್ಲಿಯೂ ಬೀಳಲಿಲ್ಲ. ಅಲ್ಲಿ ನೂರು ಭಾಷೆಗಳು ಕೇಳಿಬರುತ್ತವೆ. ಪರದೇಶೀಯರು ಹೆಚ್ಚಿರುವಲ್ಲಿ ಅವರ ಭಯ ಕಡಮೆ. ಪೂರ್ವ ತೀರದ ಲಿಂಕನ್‌ಷೈರಿನ ಬಾಸ್ಟನ್ ಎಂಬ ಪಟ್ಟಣವು ನೂರಕ್ಕೆ ೭೫ಕ್ಕೂ ಮಿಕ್ಕಿ ಹೊರಬರೋಣವೆಂದಿತು. ದೇಶಕ್ಕೆಲ್ಲ ಅದೇ ಮೊದಲನೆಯದು. ಬಾಸ್ಟನ್ ಕೋಸು, ಆಲೂಗೆಡ್ಡೆ, ಹೂವು ಬೆಳೆಯುವ ಸೀಮೆ. ೨೦೦೧ರಲ್ಲಿ ಐವತ್ತಾರು ಸಾವಿರದಷ್ಟಿದ್ದ ಜನಸಂಖ್ಯೆ ಹತ್ತು ವರ್ಷದಲ್ಲಿ ಅರುವತ್ತನಾಲ್ಕು ಸಾವಿರವನ್ನು ದಾಟಿತು. ೨೦೧೧ರ ಜನಗಣತಿಯಲ್ಲಿ ಹತ್ತರಲ್ಲಿ ಒಬ್ಬರು ಹೊಸ ಸದಸ್ಯ ರಾಷ್ಟ್ರಗಳಿಂದ ಬಂದವರು. ಹೊಲದ ಒಡೆಯನಿಗೆ ಲಾಭವಾಯಿತು. ಪೇಟೆಯವರಿಗೆ ಕೋಸು ಅಗ್ಗವಾಯಿತು. ಮನೆಬಾಡಿಗೆ ಏರಿದುದು, ಶಾಲೆಯಲ್ಲಿ, ವೈದ್ಯಶಾಲೆಯಲ್ಲಿ ಸಾಲು ಬೆಳೆದುದು ಊರಿನ ಬಡವನ ಪಾಲಿಗೆ ಬಂದಿತು. ಅದೇ ವರ್ಷಗಳಲ್ಲಿ, ೨೦೧೦ರಿಂದ, ಸ್ಥಳೀಯ ಸಂಸ್ಥೆಗಳಿಗೆ ಕೊಡುವ ಹಣವನ್ನು ಲಂಡನ್ನಿನ ಸರ್ಕಾರವು ಕತ್ತರಿಸುತ್ತ ಬಂದಿತು. ವಲಸೆಯಿಂದ ಬೊಕ್ಕಸಕ್ಕೆ ಬಂದ ತೆರಿಗೆಯು ಬಾಸ್ಟನ್ನಿನ ಶಾಲೆಗೆ ತಲುಪದೆ ಹೋದುದು ಬ್ರಸೆಲ್ಸಿನ ತಪ್ಪಲ್ಲ.

ಹೀಗೆಯೇ ಇನ್ನೊಂದು ವಿಚಿತ್ರ. ವೇಲ್ಸ್ ಪ್ರಾಂತದ ಎಬು ವೇಲ್ ಎಂಬ ಊರಿನ ಉಕ್ಕಿನ ಕಾರ್ಖಾನೆ ೨೦೦೨ರಲ್ಲಿ ಮುಚ್ಚಿತು. ನಮ್ಮ ಭದ್ರಾವತಿಯನ್ನು ಕಂಡವರಿಗೆ ಉಕ್ಕಿನ ಕುಲುಮೆ ತಣ್ಣಗಾದ ಊರಿನ ಅವಸ್ಥೆಯನ್ನು ವರ್ಣಿಸಬೇಕಾಗಿಲ್ಲ. ಅಲ್ಲಿಗೆ ಐರೋಪ್ಯ ಒಕ್ಕೂಟವು ಹೇರಳವಾಗಿ ಹಣ ಕೊಟ್ಟಿತು. ವಿದ್ಯಾಲಯ, ರಸ್ತೆ, ರೈಲುಮಾರ್ಗಗಳಾದುವು. ಒಂದೊಂದರ ಮೇಲೂ ನೀಲಿಧ್ವಜದ ಫಲಕವಿದ್ದಿತು. ಆದರೂ ಆ ಜಿಲ್ಲೆಯವರು ನೂರಕ್ಕೆ ೬೨ರಂತೆ ಹೊರಬರೋಣವೆಂದರು. ಇದನ್ನು ಕೃತಘ್ನತೆಯೆಂದವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಆ ಜನರು ಬೇಡಿದುದು ಕೆಲಸ, ದೊರೆತುದು ಫಲಕ. ಯಾರೋ ಎಲ್ಲಿಯೋ ಕುಳಿತು ಯೋಜಿಸಿ ಕೊಟ್ಟ ಧರ್ಮದಿಂದ ಹೊಟ್ಟೆ ತುಂಬಿದರೂ ಮಾನ ತುಂಬುವುದಿಲ್ಲ. ಅವರ ಕೋಪವು ನಿಜವಾಗಿ ಸಲ್ಲಬೇಕಾಗಿದ್ದುದು ಲಂಡನ್ನಿಗೆ. ಆದರೆ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಆ ಕ್ಷೇತ್ರವು ಬಹುಮಟ್ಟಿಗೆ ಒಂದೇ ಪಕ್ಷದ್ದು, ಅಲ್ಲಿ ಒಬ್ಬನ ಮತಕ್ಕೆ ತೂಕವಿಲ್ಲ. ಜೂನ್ ೨೩ರಂದು ಮಾತ್ರ ಅವರ ಮತಕ್ಕೂ ಲಂಡನ್ನಿನ ಸಾಹುಕಾರನ ಮತಕ್ಕೂ ಒಂದೇ ಬೆಲೆ.

ಮೀನುಗಾರ ಪಟ್ಟಣವಾದ ಗ್ರಿಮ್ಸ್‌ಬಿಯ ಕಥೆಯೂ ಇಷ್ಟೇ. ಅಲ್ಲಿಯ ದೋಣಿಗಳನ್ನು ಮುಖ್ಯವಾಗಿ ದಡಕ್ಕೆ ಕಟ್ಟಿಹಾಕಿದುದು ೧೯೭೬ರಲ್ಲಿ ಐಸ್‌ಲೆಂಡು ತನ್ನ ಸುತ್ತಿನ ಇನ್ನೂರು ಮೈಲಿ ಸಮುದ್ರವನ್ನು ತನ್ನದೆಂದು ಉಳಿಸಿಕೊಂಡುದು. ಶಾಪ ತಟ್ಟಿದುದು ಬ್ರಸೆಲ್ಸಿಗೆ.

ಪ್ರಚಾರದ ವಿಷಯದಲ್ಲಿ ಹೆಚ್ಚು ಬರೆಯಲು ನಮಗೆ ಮನಸ್ಸಿಲ್ಲ. ವಾರಕ್ಕೆ ೩೫ ಕೋಟಿ ಪೌಂಡುಗಳನ್ನು ಒಕ್ಕೂಟಕ್ಕೆ ಕಳುಹಿಸುತ್ತಿದ್ದೇವೆಂದು ಕೆಂಪು ಬಸ್ಸಿನ ಮೇಲೆ ಬರೆದು ಊರೂರು ತಿರುಗಿಸಿದರು. ೧೯೮೪ರಲ್ಲಿ ಮಾರ್ಗರೆಟ್ ಥ್ಯಾಚರರು ಹಟ ಹಿಡಿದು ಪಡೆದ ರಿಯಾಯಿತಿಯನ್ನು ಕಳೆಯದೆ ಮಾಡಿದ ಈ ಲೆಕ್ಕವು ಜನರನ್ನು ತಪ್ಪುದಾರಿಗೆ ಎಳೆಯುತ್ತದೆಂದು ಅಂಕಿಅಂಶ ಪ್ರಾಧಿಕಾರದ ಅಧ್ಯಕ್ಷರೇ ಹೇಳಿದರು, ಬಸ್ಸು ನಿಲ್ಲಲಿಲ್ಲ. ಮತದಾನಕ್ಕೆ ಒಂದು ವಾರವಿರುವಾಗ, ಜೂನ್ ೧೬ರಂದು, ಉಳಿಯುವ ಪಕ್ಷದ ಪಾರ್ಲಿಮೆಂಟ್ ಸದಸ್ಯೆ ಜೋ ಕಾಕ್ಸ್ ಅವರನ್ನು ಒಬ್ಬ ದುರಾತ್ಮನು ಅವರ ಕ್ಷೇತ್ರದಲ್ಲಿಯೇ ಹಾಡಹಗಲಿನಲ್ಲಿ ಕೊಂದನು. ಉಳಿಯುವ ಪಕ್ಷವಾದರೂ ಒಕ್ಕೂಟದ ವಿಷಯದಲ್ಲಿ ಪ್ರೀತಿಯ ಒಂದು ಮಾತನ್ನು ಆಡಿತೇ? ಪ್ರತಿ ಮನೆಗೂ ವರ್ಷಕ್ಕೆ ೪,೩೦೦ ಪೌಂಡು ನಷ್ಟವಾದೀತೆಂದು ಹಣಕಾಸಿನ ಖಾತೆಯು ಹೆದರಿಸಿತು. ಕಳೆದುಕೊಳ್ಳಲು ಏನೂ ಇಲ್ಲವೆಂದು ತಿಳಿದವನಿಗೆ ನಷ್ಟದ ಭಯವನ್ನು ತೋರಿಸಿದರೆ ಫಲವೇನು? ನಲವತ್ತು ವರ್ಷ ತಮ್ಮ ಎಲ್ಲ ಅಪ್ರಿಯ ಕಾರ್ಯಗಳಿಗೂ ಬ್ರಸೆಲ್ಸನ್ನು ದೂರಿದ ಮಂತ್ರಿಗಳು, ನಾಲ್ಕು ತಿಂಗಳಲ್ಲಿ ಅದೇ ಬ್ರಸೆಲ್ಸನ್ನು ಹೊಗಳಹೊರಟರೆ ನಂಬುವವರು ಯಾರು?

ಆದುದರಿಂದ, ಮತದಾರನು ಕೇಳಿದ ಪ್ರಶ್ನೆ ನ್ಯಾಯವಾದುದೇ ಎಂದು ನಾವು ಹೇಳುತ್ತೇವೆ. ದೋಷವು ಅವನಿಗೆ ಕೊಟ್ಟ ಚೀಟಿಯಲ್ಲಿದ್ದಿತು. ಉಳಿಯುವುದೆಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು; ಹೊರಬರುವುದೆಂದರೆ ಏನೆಂದು ಯಾರೂ ಬರೆದಿಟ್ಟಿರಲಿಲ್ಲ. ನಾರ್ವೆಯಂತೆ ಮಾರುಕಟ್ಟೆಯೊಳಗೆ ಇರುವುದೇ, ಪೂರ್ತಿ ಹೊರಗೆ ನಿಲ್ಲುವುದೇ? ಡೆನ್ಮಾರ್ಕಿಗೆ ಸೇರಿದ ಗ್ರೀನ್‌ಲೆಂಡು ೧೯೮೨ರಲ್ಲಿ ನೂರಕ್ಕೆ ೫೩ರಂತೆ ಇದೇ ಬಗೆಯ ತೀರ್ಮಾನವನ್ನು ಮಾಡಿ ೧೯೮೫ರಲ್ಲಿ ಹೊರಬಂದಿತು. ಆ ಜನರಿಗೆ ತಮಗೆ ಬೇಕಾದುದೇನೆಂದು ತಿಳಿದಿದ್ದಿತು: ತಮ್ಮ ಸಮುದ್ರದ ಮೀನು. ಅದನ್ನು ಪಡೆದು, ಹೊರಗಿನವರಿಗೆ ಮೀನು ಹಿಡಿಯುವ ಹಕ್ಕನ್ನು ಹಣಕ್ಕೆ ಕೊಟ್ಟು, ಸಂಬಂಧವನ್ನು ನೆಟ್ಟಗಿರಿಸಿಕೊಂಡರು. ಬ್ರಿಟನ್ನಿನ ಪಾರ್ಲಿಮೆಂಟಾದರೋ ಮೂರೂವರೆ ವರ್ಷ ತನ್ನೊಳಗೇ ಕಾದಾಡಿತು. ಥೆರೇಸಾ ಮೇ ಅವರು ತಂದ ಒಪ್ಪಂದವು ೨೦೧೯ರ ಜನವರಿಯಲ್ಲಿ ೨೦೨ಕ್ಕೆ ಎದುರಾಗಿ ೪೩೨ ಮತಗಳಿಂದ ಬಿದ್ದಿತು. ೨೦೨೦ರ ಜನವರಿ ೩೧ರ ರಾತ್ರಿ ಹನ್ನೊಂದು ಗಂಟೆಗೆ ಬ್ರಿಟನ್ನು ಹೊರಬಿದ್ದಾಗ ಪ್ರಧಾನಿಯಾಗಿದ್ದವರು ಜಾನ್ಸನ್ನರು.

ಇದರ ಬೆಲೆಯನ್ನು ಎಲ್ಲರೂ ಸಮನಾಗಿ ತೆರಲಿಲ್ಲ. ಅರುವತ್ತೈದು ದಾಟಿದವರಲ್ಲಿ ಐವರಿಗೆ ಮೂವರು ಹೊರಬರೋಣವೆಂದರು. ಇಪ್ಪತ್ತೈದರ ಒಳಗಿನವರಲ್ಲಿ ನಾಲ್ವರಿಗೆ ಸುಮಾರು ಮೂವರು ಉಳಿಯೋಣವೆಂದಿದ್ದರು. ಸ್ಕಾಟ್ಲೆಂಡು ನೂರಕ್ಕೆ ೬೨ರಂತೆಯೂ ಉತ್ತರ ಐರ್ಲೆಂಡು ನೂರಕ್ಕೆ ೫೬ರಂತೆಯೂ ಉಳಿಯಬಯಸಿದುವು. ಉತ್ತರ ಐರ್ಲೆಂಡಿನಲ್ಲಿ ಮೂವತ್ತು ವರ್ಷಗಳ ರಕ್ತಪಾತವನ್ನು ನಿಲ್ಲಿಸಿದ ೧೯೯೮ರ ಒಡಂಬಡಿಕೆಯ ಬಲವಿದ್ದುದು, ಎರಡು ಐರ್ಲೆಂಡುಗಳ ನಡುವಣ ಗಡಿಯಲ್ಲಿ ಚೌಕಿ ಪಹರೆಗಳಿಲ್ಲದಿರುವುದರಲ್ಲಿ. ಒಕ್ಕೂಟದ ಗಡಿ ಅಲ್ಲಿಯೇ ಬೀಳಬೇಕಾಗಿ ಬಂದಾಗ, ಲಂಡನ್ನಿನವರು ಅದನ್ನು ಎತ್ತಿ ಸಮುದ್ರದಲ್ಲಿಟ್ಟರು. ಬ್ರಿಟನ್ನಿನ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವ ಸರಕಿಗೆ ತಪಾಸಣೆ ಬಂದಿತು. ೨೦೨೩ರಲ್ಲಿ ವಿಂಡ್ಸರಿನಲ್ಲಿ ಆದ ಹೊಸ ಏರ್ಪಾಡು ಅದನ್ನು ಸಡಿಲಿಸಿದೆ, ತೆಗೆದುಹಾಕಿಲ್ಲ. ಜೂನ್ ೨೩ಕ್ಕೆ ಮುಂಚೆ ಈ ಗಡಿಯ ಮಾತನ್ನು ಇಂಗ್ಲೆಂಡಿನ ಸಭೆಗಳಲ್ಲಿ ಕೇಳಿದವರು ಎಷ್ಟು ಜನ?

ಬಾಸ್ಟನ್ನಿನ ಮತದಾರನಿಗೆ ಬೇಕಾದುದು ದೊರೆಯಿತೇ? ಒಕ್ಕೂಟದಿಂದ ಬರುವವರು ಕಡಮೆಯಾದರು. ಹೊರಗಿನಿಂದ ಬರುವವರು ಎಷ್ಟು ಹೆಚ್ಚಿದರೆಂದರೆ, ನಿವ್ವಳ ವಲಸೆಯು ೨೦೨೩ರ ಸುಮಾರಿಗೆ ವರ್ಷಕ್ಕೆ ಒಂಬತ್ತು ಲಕ್ಷವನ್ನು ಮೀರಿ, ಅನಂತರ ಇಳಿಯಿತು. ಹಾಗೆ ಬಂದವರಲ್ಲಿ ಭಾರತೀಯರೇ ದೊಡ್ಡ ಗುಂಪು. ಶುಶ್ರೂಷಕಿಯರು, ವಿದ್ಯಾರ್ಥಿಗಳು, ಎಂಜಿನಿಯರುಗಳು. ಕೋಸು ಕೀಳಲು ಕಿರ್ಗಿಸ್ತಾನ, ತಾಜಿಕಿಸ್ತಾನಗಳಿಂದ ಋತುಮಾನದ ಪರವಾನಗಿಯ ಮೇಲೆ ಕೂಲಿಗಳನ್ನು ಕರೆಸಿದರು. ಆದರೆ ಈ ಬಾಗಿಲನ್ನು ತೆರೆದವರು ಲಂಡನ್ನಿನ ಮಂತ್ರಿಗಳು. ತೆರೆದುದಕ್ಕಾಗಿ ೨೦೨೪ರ ಜುಲೈಯಲ್ಲಿ ಇತರ ಕಾರಣಗಳೊಡನೆ ಅವರಿಗೆ ಮತದಾರರು ಶಿಕ್ಷೆಯನ್ನೂ ವಿಧಿಸಿದರು. ಅಂದು ಗೆದ್ದ ಲೇಬರ್ ಪಕ್ಷದಲ್ಲಿ ಬಹುಮಂದಿ ಉಳಿಯುವ ಪಕ್ಷದವರಾಗಿದ್ದರೂ, ಒಕ್ಕೂಟದ ಮಾರುಕಟ್ಟೆಗಾಗಲಿ ಜನರ ಮುಕ್ತ ಸಂಚಾರಕ್ಕಾಗಲಿ ಮರಳುವುದಿಲ್ಲವೆಂದು ತಮ್ಮ ಪ್ರಣಾಳಿಕೆಯಲ್ಲಿ ಬರೆದುಕೊಟ್ಟೇ ಮತವನ್ನು ಕೇಳಿದ್ದರು.